ಡುಬ್ಬು ಎಂಬ ಜನರಲ್



ಬ್ರಿಟಿಷರ ಕಾಲ. ಅಲಹಾಬಾದಿನ ಒಂದು ಸಿನಿಮಾ ಮಂದಿರ. ಕೊಡಗಿನ ಒಬ್ಬ ಎಳೆಯ ಸೇನಾಧಿಕಾರಿಯನ್ನು ಹಿರಿಯರೊಬ್ಬರು ಕೇಳಿದರಂತೆ: ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನ್ನಿಸುತ್ತದೆ? ಚುಚ್ಚುವ ಪ್ರಶ್ನೆ. ಹುಡುಗ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ: ಸೆಕೆ! ಹಿರಿಯರು ನಕ್ಕುಬಿಟ್ಟರು. ಅವರು ಮೋತಿಲಾಲ್ ನೆಹರೂ. ಅಲ್ಲಿಂದ ಬೆಳೆದ ಒಡನಾಟದಲ್ಲಿ ಆ ಹುಡುಗ, ಸೈನ್ಯ ಬಿಟ್ಟು ಚಳವಳಿಗೆ ಬರಲೇ ಎಂದು ಕೇಳಿದಾಗ ಮೋತಿಲಾಲರು ಬೇಡ ಅಂದರು. ನಾಳೆ ದೇಶ ಸ್ವತಂತ್ರವಾದಾಗ ಸೈನ್ಯ ನಡೆಸಲು ನಮ್ಮವರು ಬೇಕಲ್ಲ ಎಂಬುದು ಅವರ ಲೆಕ್ಕಾಚಾರ.

ಆ ಹುಡುಗನೇ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಮನೆಯವರಿಗೆ ಡುಬ್ಬು, ಸೈನ್ಯದ ಗೆಳೆಯರಿಗೆ ಟಿಮ್ಮಿ. ಮುಂದೆ ಭೂಸೇನೆಯ ಮಹಾದಂಡನಾಯಕರಾದ ಮೇಲೂ ಎರಡು ಹೆಸರೂ ಉಳಿದುಕೊಂಡವು. ಎಷ್ಟು ಮಂದಿ ದೊಡ್ಡವರಿಗೆ ಹಾಗೆ ಉಳಿಯುತ್ತದೆ ಹೇಳಿ?

1935ರ ಜನವರಿಯಲ್ಲಿ ಅವರ ಮದುವೆ. ಹೆಂಡತಿ ನೀನಾ ಕೂಡ ಕೊಡಗಿನವರೇ. ಹೊಸ ದಂಪತಿ ಕ್ವೆಟ್ಟಾದಲ್ಲಿ ಬಿಡಾರ ಹೂಡಿದ್ದರು. ಮೇ 31ರ ಬೆಳಗಿನ ಜಾವ ಭೂಮಿ ನಡುಗಿತು. ಆ ಊರಲ್ಲಿ ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚು. ಗಂಡ ಸೈನಿಕರೊಂದಿಗೆ ಪರಿಹಾರದ ಕೆಲಸಕ್ಕೆ ಇಳಿದರೆ, ಮನೆ ಕಟ್ಟಿಕೊಂಡು ಇನ್ನೂ ಆರು ತಿಂಗಳಾಗದ ಹೆಂಡತಿಯೂ ಗಾಯಾಳುಗಳ ಸೇವೆಗೆ ನಿಂತರು. ಅದಕ್ಕಾಗಿ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು. ಆ ಮನೆಯಲ್ಲಿ ಪದಕ ಬರೀ ಗಂಡನ ಎದೆಯ ಮೇಲೆ ಇರಲಿಲ್ಲ.

ಇನ್ನು ಅಣ್ಣತಮ್ಮಂದಿರ ಕಥೆ. ಮೂವರೂ ಸೈನ್ಯಕ್ಕೆ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪ ನೇತಾಜಿಯವರ ಆಜಾದ್ ಹಿಂದ್ ಫೌಜಿಗೆ ಹೋದರು. ತಿಮ್ಮಯ್ಯನವರು ಅದೇ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆಯ ಪರವಾಗಿ ಬರ್ಮಾದಲ್ಲಿ ಜಪಾನೀಯರೊಡನೆ ಕಾದಿದರು. ತಮ್ಮ ಸೋಮಯ್ಯ ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಯುದ್ಧದಲ್ಲಿ ನೆಲಬಾಂಬಿಗೆ ಬಲಿಯಾದರು. ಮೂವರಲ್ಲಿ ಯಾರ ದೇಶಭಕ್ತಿ ಹೆಚ್ಚು ಎಂದು ಆ ಮನೆಯ ಹೊಸ್ತಿಲಲ್ಲಿ ನಿಂತು ಕೇಳುವ ಧೈರ್ಯ ನನಗಂತೂ ಇಲ್ಲ.

ಅದೇ ಕಾಶ್ಮೀರದ ಯುದ್ಧದಲ್ಲಿ ತಿಮ್ಮಯ್ಯನವರ ಹೆಸರು ನಿಂತದ್ದು ಜೋಜಿಲಾ ಕಣಿವೆಯಿಂದ. ಹನ್ನೊಂದು ಸಾವಿರ ಅಡಿಗೂ ಮಿಕ್ಕಿದ ಎತ್ತರ, ಕೊರೆಯುವ ಹಿಮ. ಅಲ್ಲಿಗೆ ಟ್ಯಾಂಕು ಹತ್ತೀತೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. 1948ರ ನವೆಂಬರ್ 1ರಂದು ಟ್ಯಾಂಕುಗಳು ಹತ್ತಿದವು. ಡಿವಿಷನ್ನಿನ ಜನರಲ್ ಆಗಿದ್ದ ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲೇ ಕೂತಿದ್ದರು. ಜನರಲ್ ಅಲ್ಲಿ ಕೂರಬೇಕಾಗಿರಲಿಲ್ಲ. ಆದರೆ ಜವಾನರ ಜೊತೆ ಬೆರೆತು ಬಾಳಿದ ಮನುಷ್ಯನಿಗೆ ಹಿಂದೆ ನಿಂತು ನೋಡುವುದು ಆಗುತ್ತಿರಲಿಲ್ಲವೇನೋ.

ನನಗೆ ಜೋಜಿಲಾಕ್ಕಿಂತ ದೊಡ್ಡದಾಗಿ ಕಾಣುವುದು ಕೊರಿಯಾ. ಅಲ್ಲಿ ಗುಂಡು ಹಾರಿಸುವ ಕೆಲಸವಿರಲಿಲ್ಲ. 1953ರಲ್ಲಿ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಉಳಿದರು. ಅವರ ಗತಿ ನೋಡಲು ಐದು ದೇಶಗಳ ಆಯೋಗ ಬಂತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲುವವರು. ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಐದನೆಯದು ಭಾರತ, ಅಧ್ಯಕ್ಷರು ತಿಮ್ಮಯ್ಯ. ಎರಡೂ ಪಂಗಡ ಸಮಸಮವಾಗಿರುವಾಗ ನಡುವಿನವನ ಮಾತಿಗೇ ತೂಕ, ಬೈಗುಳವೂ ನಡುವಿನವನಿಗೇ. ಪ್ರತಿ ಶಿಬಿರದಲ್ಲೂ ಗಲಾಟೆ, ಪ್ರತಿ ಸಭೆಯಲ್ಲೂ ಜಗಳ. ಇಂಥ ಕಡೆ ಶೌರ್ಯ ಉಪಯೋಗಕ್ಕೆ ಬರುವುದಿಲ್ಲ. ಪರಸ್ಪರ ಮುಖ ನೋಡದವರ ನಡುವೆ ಕೂತು ಇಬ್ಬರ ಜೊತೆಗೂ ನಗಬಲ್ಲವನು ಬೇಕು. ಮಡಿಕೇರಿಯ ಡುಬ್ಬುವಿಗೆ ಅದು ಹುಟ್ಟುಗುಣ.

ಆ ಗುಣಕ್ಕೊಂದು ಬೆಲೆಯೂ ಇತ್ತು. ಭೂಸೇನೆಯ ಮಹಾದಂಡನಾಯಕರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಹೊಂದದೆ ತಿಮ್ಮಯ್ಯನವರು ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ಜವಾಹರಲಾಲ್ ನೆಹರೂ ಕರೆದು ಒತ್ತಾಯ ಮಾಡಿದರು, ಇವರು ವಾಪಸು ತೆಗೆದುಕೊಂಡರು. ಅಂದು ಅಪ್ಪ ಸೈನ್ಯ ಬಿಡಬೇಡ ಅಂದಿದ್ದರು, ಈಗ ಮಗನೂ ಅದನ್ನೇ ಅಂದರು. ಎರಡು ಸಲವೂ ಇವರು ಕೇಳಿದರು. ಎರಡನೆಯ ಸಲ ಕೇಳಬಾರದಿತ್ತು ಅನ್ನುವವರ ಪಂಗಡಕ್ಕೆ ನಾನೂ ಸೇರಿದವನು. ಸ್ನೇಹಜೀವಿಗಳ ಕಷ್ಟವೇ ಇದು, ಎದುರಿಗೆ ಕೂತು ಕೇಳಿಕೊಂಡವರಿಗೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. 1961ರಲ್ಲಿ ಅವರು ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ.

ಊರಿಗೆ ಬಂದವರನ್ನು ವಿಶ್ವಸಂಸ್ಥೆ ಮತ್ತೆ ಕರೆಯಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊತ್ತಿಕೊಂಡಿತ್ತು. 1964ರಲ್ಲಿ ಅಲ್ಲಿನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋದರು. ಮತ್ತೆ ಅದೇ ಕೆಲಸ, ಇಬ್ಬರ ನಡುವೆ ಕೂರುವುದು. 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಐವತ್ತೊಂಬತ್ತು ವಯಸ್ಸು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದ ಒಂದು ದೊಡ್ಡ ರಸ್ತೆಗೆ ಇವತ್ತಿಗೂ ಜನರಲ್ ತಿಮ್ಮಯ್ಯನವರದೇ ಹೆಸರು.

ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಎಷ್ಟೋ ವರ್ಷ ಆರ್‌ಟಿಒ ಕಚೇರಿಯಾಗಿತ್ತು. ಲೈಸೆನ್ಸಿಗೆಂದು ಸಾಲು ನಿಂತವರಿಗೆ ಅದು ಯಾರ ಮನೆ ಎಂಬ ಯೋಚನೆ ಬಂದಿತ್ತೋ ಇಲ್ಲವೋ. 2021ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಡಿಕೇರಿಗೆ ಹೋದವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿಯೇ ನೋಡುತ್ತೀರಿ. ಅದಕ್ಕೆ ಮೊದಲು ಒಂದು ಗಂಟೆ ಡುಬ್ಬುವಿನ ಮನೆಗೂ ಹೋಗಿ ಬನ್ನಿ.