ಬರೆದಾಕಿಗೇ ಮಾತು ಮರೆತರೆ?

ಸುರಪುರದ ಒಬ್ಬ ಹುಡುಗಿ, ಒಂಬತ್ತನೇ ತರಗತಿ, ಶಾಲೆಯ ಸಮಾರಂಭಕ್ಕೆ ತಾನೇ ಒಂದು ನಾಟಕ ಬರೆದಿದ್ದಾಳೆ ಎಂದುಕೊಳ್ಳಿ. ಮುಖ್ಯ ಪಾತ್ರವೂ ಅವಳದೇ. ತಾಲೀಮು ಶುರುವಾದರೆ ಉಳಿದವರ ಮಾತೆಲ್ಲ ಸರಾಗವಾಗಿ ಎತ್ತಿಕೊಡುತ್ತಾಳೆ, ತನ್ನ ಮಾತು ಬಂದಾಗ ಮಾತ್ರ ತಡವರಿಸುತ್ತಾಳೆ. “ಬರದಾಕಿ ನೀನs, ನಿನಗs ನೆನಪಿಲ್ಲೇನು?” ಎಂದು ಗೆಳತಿಯರಿಗೆ ನಗು.

ನಗಬೇಡಿ, ಇದಕ್ಕೆ ಕಾರಣವಿದೆ. ನಮ್ಮ ಮಿದುಳು ಕೇಳಿದ್ದರ, ಓದಿದ್ದರ ಅರ್ಥವನ್ನು ಹಿಡಿದಿಟ್ಟುಕೊಂಡು ಪದಗಳನ್ನು ಬೇಗ ಬಿಟ್ಟುಬಿಡುತ್ತದೆ. ರಾತ್ರಿ ಅಜ್ಜಿ ಹೇಳಿದ ಕಥೆಯನ್ನು ಬೆಳಿಗ್ಗೆ ನೀವು ಹೇಳಬಲ್ಲಿರಿ, ಆದರೆ ನಿಮ್ಮ ಪದಗಳಲ್ಲಿ. ಬರೆಯುವವರಿಗೆ ಇನ್ನೊಂದು ಪೇಚೂ ಇದೆ. ಒಂದೇ ಮಾತನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಿ, ಬೇಡದ್ದನ್ನು ಹೊಡೆದುಹಾಕಿರುತ್ತಾರೆ. ಹಾಳೆಯ ಮೇಲೆ ಗೀಟು ಬಿದ್ದ ಮಾತು ತಲೆಯೊಳಗಿಂದ ಹೋಗಿರುವುದಿಲ್ಲ. ಬಾಯಿ ತೆರೆದಾಗ ಹಳೆಯದೂ ಹೊಸದೂ ಕೂಡಿಯೇ ನುಗ್ಗುತ್ತವೆ.

ಹಾಗಾದರೆ ನಟರು ಹೇಗೆ ನೆನಪಿಟ್ಟುಕೊಳ್ಳುತ್ತಾರೆ? ಅಮೆರಿಕದಲ್ಲಿ ಹೆಲ್ಗಾ ನಾಯ್ಸ್ ಎಂಬ ಮನೋವಿಜ್ಞಾನಿ, ರಂಗಭೂಮಿಯವರೇ ಆದ ಟೋನಿ ನಾಯ್ಸ್ ಜೊತೆ ಸೇರಿ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ನುರಿತ ನಟರು ಮೊದಲು ಉರು ಹೊಡೆಯಲು ಕೂಡುವುದಿಲ್ಲ. ಈ ಪಾತ್ರ ಈ ಮಾತನ್ನು ಯಾಕೆ ಆಡುತ್ತಿದೆ, ಎದುರಿನವನಿಂದ ಅದಕ್ಕೆ ಏನು ಬೇಕಾಗಿದೆ ಎಂದು ಹುಡುಕುತ್ತಾರೆ. ಕಾರಣ ಸಿಕ್ಕರೆ ಪದ ಅದರ ಹಿಂದೆ ಬರುತ್ತದೆ. ಹೆಜ್ಜೆ ಹಾಕುತ್ತ ಆಡಿದ ಮಾತು ನಿಂತಲ್ಲೇ ಆಡಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಕುಣಿತ, ಹಾಡು, ಮಾತು ಮೂರನ್ನೂ ಕೂಡಿಸಿಯೇ ಕಲಿಸುವ ನಮ್ಮ ದೊಡ್ಡಾಟದ ಮಾಸ್ತರರಿಗೆ ಇದನ್ನು ಹೇಳಿದರೆ “ಅದರಾಗೇನೈತಿ ಹೊಸದು?” ಎಂದಾರು! ತಾಲೀಮು ಹಲವು ರಾತ್ರಿ ನಡೆಯುವುದೂ ಒಳ್ಳೆಯದೇ. ಒಂದೇ ದಿನ ಗಂಟೆಗಟ್ಟಲೆ ಕಲಿಯುವುದಕ್ಕಿಂತ ದಿನಾ ಸ್ವಲ್ಪ ಕಲಿತು ನಿದ್ದೆ ಮಾಡಿದರೆ ನೆನಪು ಗಟ್ಟಿಯಾಗುತ್ತದೆ.

ಟಿ. ಪಿ. ಕೈಲಾಸಂ ನಿಮಗೆ ಗೊತ್ತಿರಬಹುದು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ನಾಟಕಕಾರರು, ನಟರೂ ಹೌದು. ಅವರು ನಾಟಕವನ್ನು ತಲೆಯಲ್ಲೇ ಕಟ್ಟಿ, ಬಾಯಲ್ಲಿ ಹೇಳಿ, ಬೇರೆಯವರಿಂದ ಬರೆಸುತ್ತಿದ್ದರು. ನಮ್ಮ ಸುರಪುರದ ಹುಡುಗಿಯೂ ಬರೆಯುವಾಗಲೇ ಗಟ್ಟಿಯಾಗಿ ಹೇಳಿ ನೋಡಿದರೆ ಬಾಯಿಗೆ ಒಗ್ಗದ ಮಾತು ಅಲ್ಲೇ ಸಿಕ್ಕಿಬೀಳುತ್ತದೆ.

ಅವಳ ಜೊತೆ ರಾಜನ ಪಾತ್ರ ಮಾಡುವ ಹುಡುಗನದು ಬೇರೆ ಗೋಳು. ಮಾತಿನ ನಡುವೆ ದನಿ ಒಡೆಯುತ್ತದೆ. ಈ ವಯಸ್ಸಿನಲ್ಲಿ ಗಂಟಲೊಳಗಿನ ಧ್ವನಿಪಟಲಗಳು ಉದ್ದವಾಗಿ ದಪ್ಪಗಾಗುತ್ತವೆ. ಏಕತಾರಿಗೆ ದಪ್ಪ ತಂತಿ ಬಿಗಿದರೆ ನಾದ ತಗ್ಗುವಂತೆ ಹುಡುಗರ ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹುಡುಗಿಯರದೂ ಇಳಿಯುತ್ತದೆ, ಸ್ವಲ್ಪ ಮಾತ್ರ. ಹೊಸ ಗಂಟಲು ಪಳಗುವತನಕ ಕಿರುಚಬಾರದು, ಅಷ್ಟೇ.

ಇನ್ನು ಬಯಲಿಗೆ ಬರೋಣ. ನನಗೆ ಬಲು ಇಷ್ಟದ ವಿಷಯ ಇದು. ಒಂದೂರಿನ ಬಯಲಾಟದ ಹಾಡು ರಾತ್ರಿ ಪಕ್ಕದೂರಿಗೂ ಕೇಳುತ್ತದಲ್ಲ, ಹಗಲಲ್ಲಿ ಯಾಕೆ ಕೇಳುವುದಿಲ್ಲ? ರಾತ್ರಿ ಗದ್ದಲ ಕಡಿಮೆ ಎಂಬುದು ಅರ್ಧ ಉತ್ತರ. ಇನ್ನರ್ಧ ಗಾಳಿಯಲ್ಲಿದೆ. ಶಬ್ದ 20 ಡಿಗ್ರಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡಿದರೆ 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಓಡುತ್ತದೆ. ಯಾದಗಿರಿಯ ಬಿಸಿಲಿಗೆ ನೆಲ ಕಾದಾಗ ನೆಲದ ಪಕ್ಕದ ಗಾಳಿಯೇ ಹೆಚ್ಚು ಬಿಸಿ. ಅಲ್ಲಿ ಶಬ್ದದ ಅಲೆಯ ಕೆಳಭಾಗ ಮುಂದೆ ಓಡಿ, ಇಡೀ ಅಲೆ ಆಕಾಶದ ಕಡೆ ಬಾಗುತ್ತದೆ. ದೂರ ಕೂತವರ ತಲೆಯ ಮೇಲೆಯೇ ಮಾತು ಹಾದುಹೋಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ಆರುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ. ಈಗ ಅಲೆಯ ಮೇಲ್ಭಾಗ ಮುಂದಾಗಿ, ಶಬ್ದ ನೆಲದತ್ತ ಬಾಗಿ ಬಹುದೂರ ಸಾಗುತ್ತದೆ.

ಶಹಾಪುರದ ಗುಡ್ಡದ ಹತ್ತಿರ ಆಡುವವರಿಗೆ ಬಂಡೆಯ ಪ್ರತಿಧ್ವನಿಯೂ ಉಂಟು. ಬಂಡೆ ಸುಮಾರು 17 ಮೀಟರಿಗಿಂತ ದೂರವಿದ್ದರೆ ನಿಮ್ಮ ಮಾತು ಬೇರೆಯಾಗಿ ಮರಳಿ ಕೇಳಬಲ್ಲದು. ಅಂಥಲ್ಲಿ ಮಾತುಗಳ ನಡುವೆ ತುಸು ಬಿಡುವು ಕೊಡಬೇಕು.

ಗಾಳಿ ಬೀಸದ ದಿನ ಇದನ್ನು ಮಾಡಿ ನೋಡಿ. ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ನಿಮ್ಮ ಪಾತ್ರದ ಒಂದು ಮಾತು ಹೇಳುತ್ತ ಗೆಳೆಯನನ್ನು ಹಿಂದಕ್ಕೆ ಹಿಂದಕ್ಕೆ ನಡೆಸಿ. ಮಾತು ತಿಳಿಯದಾದ ಜಾಗಕ್ಕೆ ಒಂದು ಕಲ್ಲಿಡಿ. ಹೊತ್ತು ಮುಳುಗಿ ನೆಲ ತಂಪಾದ ಮೇಲೆ, ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗಿ, ಅದೇ ಮಾತನ್ನು ಅಷ್ಟೇ ದನಿಯಲ್ಲಿ ಹೇಳಿ ಎರಡನೇ ಕಲ್ಲಿಡಿ. ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.