ಅಳತೆಗೋಲು ಮತ್ತು ನೆಲ

(ಇಂದಾಪುರದಲ್ಲಿ ಕನ್ನಡ ವಿದ್ಯಾರ್ಥಿಗಳನ್ನುದ್ದೇಶಿಸಿ ನೀಡಿದ ಉಪನ್ಯಾಸ)



ಮನಶ್ಶಾಸ್ತ್ರವಾಗಲಿ ಸಮಾಜವಿಜ್ಞಾನವಾಗಲಿ, ಅಭ್ಯಾಸಿಯು ಮೊದಲು ಅರಿಯಬೇಕಾದ ಪರಿಕಲ್ಪನೆಗಳಲ್ಲಿ ಎರಡು: ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಎಷ್ಟು ಸಲ ಅಳೆದರೂ ಅದೇ ಉತ್ತರ ಕೊಡುವ ಅಳತೆ ವಿಶ್ವಸನೀಯ. ಯಾವುದನ್ನು ಅಳೆಯಬೇಕೋ ಅದನ್ನೇ ಅಳೆಯುವಂಥದು ಸಪ್ರಮಾಣ. ಪ್ರತಿ ಸಲವೂ ಐವತ್ತು ಗ್ರಾಂ ಕಡಿಮೆ ತೋರಿಸುವ ತಕ್ಕಡಿಯಲ್ಲಿ ಮೊದಲ ಗುಣವುಂಟು, ಎರಡನೆಯದಿಲ್ಲ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಕಂಪನಿ ಸರ್ಕಾರದ ಅಧಿಕಾರಿ, ರಿಕಾರ್ಡೋನ ಗೇಣಿ ಸಿದ್ಧಾಂತವನ್ನು ಆಧರಿಸಿ, ಪುಣೆ ಪ್ರಾಂತದ ಹೊಲಗಳ ನಿವ್ವಳ ಉತ್ಪನ್ನವನ್ನು ಲೆಕ್ಕ ಹಾಕಿಸಿ ಅದರ ಶೇ. 55 ಭಾಗವನ್ನು ಕಂದಾಯವೆಂದು ಗೊತ್ತುಪಡಿಸಿದನು. ಸಿದ್ಧಾಂತ ತರ್ಕಬದ್ಧವಾಗಿತ್ತು, ಅಂಕಿಗಳು ನೆಲಕ್ಕೆ ಹೊಂದಲಿಲ್ಲ. ಬಾಕಿ ಬೆಳೆಯಿತು, ರೈತರು ಹೊಲ ಬಿಟ್ಟು ನಡೆದರು. 1830ರ ದಶಕದ ನಡುವೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಇದೇ ಇಂದಾಪುರ ತಾಲ್ಲೂಕಿನಿಂದ ಹೊಸ ಮೋಜಣಿಯನ್ನು ಆರಂಭಿಸಿದರು. ಮಣ್ಣಿನ ಬಣ್ಣ, ಆಳಗಳನ್ನು ನೋಡಿ ಹೊಲಗಳನ್ನು ವರ್ಗೀಕರಿಸಿದರು. ದರವನ್ನಿಳಿಸಿ 30 ವರ್ಷಗಳಿಗೆ ಸ್ಥಿರಗೊಳಿಸಿದರು. ಈ ಪದ್ಧತಿ ಮುಂದೆ ಧಾರವಾಡ ಸೀಮೆಗೂ, 1860ರ ದಶಕದಲ್ಲಿ ಮೈಸೂರಿಗೂ ಬಂದಿತು.

ಮಣ್ಣಿಗೆ ಸಲ್ಲುವ ಈ ಮಾತು ಮನಸ್ಸಿಗೂ ಸಲ್ಲುತ್ತದೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ಸಿಮೋನನೊಡಗೂಡಿ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ರೂಪಿಸಿದನು. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶ, ಹಣೆಬರಹ ಬರೆಯುವುದಲ್ಲ. ಫ್ರೆಂಚ್ ಮಕ್ಕಳ ಪ್ರಶ್ನೆಗಳನ್ನು ಹಾಗೆಯೇ ನಮ್ಮ ಮಕ್ಕಳ ಮುಂದಿಟ್ಟರೆ ಅಳತೆ ಕೆಡುತ್ತದೆ. ಆದ್ದರಿಂದಲೇ ವಿ. ವಿ. ಕಾಮತರು ಅಂದಿನ ಮುಂಬಯಿ ಪ್ರಾಂತದ ಕನ್ನಡ ಹಾಗೂ ಮರಾಠಿ ಮಕ್ಕಳಿಗಾಗಿ ಅದನ್ನು ಪರಿಷ್ಕರಿಸಿದರು. ಅದೇ ಬಿನೆ-ಕಾಮತ್ ಪರೀಕ್ಷೆ.

ಹೊರನಾಡಿನಲ್ಲಿರುವ ನಮಗೆ ಇದು ಕೇವಲ ಪಠ್ಯವಿಷಯವಲ್ಲ. ಮನೆಯಲ್ಲಿ ಕನ್ನಡವಾಡುವ ಮಗು ಮರಾಠಿ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಹಿಂದುಳಿದರೆ, ಆ ಅಂಕ ಅಳೆದದ್ದು ಗಣಿತವನ್ನೋ, ಪ್ರಶ್ನೆಯ ಭಾಷೆಯನ್ನೋ? ಅದೇ ಲೆಕ್ಕವನ್ನು ಕನ್ನಡದಲ್ಲಿ ಕೇಳಿ ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿಯೂ ತೊಡಕಿದ್ದರೆ ಗಣಿತ ಕಲಿಸೋಣ. ಇಲ್ಲವಾದರೆ ಮರಾಠಿ ಕಲಿಸೋಣ. ಎರಡರಲ್ಲಿ ಯಾವುದೆಂದು ಅರಿಯುವ ಮುನ್ನ ಮಗುವನ್ನು ‘ದಡ್ಡ’ ಎನ್ನುವ ಅಧಿಕಾರ ತಂದೆತಾಯಿಗಳಿಗೂ ಇಲ್ಲ, ಗುರುಗಳಿಗೂ ಇಲ್ಲ.

ವಿದ್ಯಾರ್ಥಿ ಮಿತ್ರರೆ, ಯಾವ ಅಂಕಿಯನ್ನು ಕಂಡರೂ ‘ಇದು ಅಳೆದದ್ದೇನನ್ನು?’ ಎಂದು ಮೊದಲು ಕೇಳಿರಿ. ಶಾಸ್ತ್ರಾಭ್ಯಾಸ ಆರಂಭವಾಗುವುದು ಆ ಪ್ರಶ್ನೆಯಿಂದ.