ಗ್ಯಾಸ್ ಗೀಜರ್: ಉರಿ ಗೋಡೆಯ ಆಚೆ ಇರಲಿ

(ಸಂಘದ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಬಿಸಿನೀರಿನ ಕೆಲಸ ಶುರುವಾಗುತ್ತದೆ. ಫಜ್ರ್ ನಮಾಜಿಗೆ ಏಳುವವರಿಗೆ ವುಜೂ ಮಾಡಲು ಬಿಸಿನೀರು ಬೇಕು, ಗುಸ್ಲ್ ಮಾಡುವವರಿಗೆ ಬೇಕು, ಶಾಲೆಗೆ ಹೊರಡುವ ಮಕ್ಕಳ ಸ್ನಾನಕ್ಕೆ ಬೇಕು. ಹಿಂದೆ ಇದಕ್ಕಾಗಿ ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಆ ಜಾಗಕ್ಕೆ ಗ್ಯಾಸ್ ಗೀಜರ್ ಬಂದಿದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಇದು ಉಪಯುಕ್ತವಾದ ಸಾಧನ. ಇದನ್ನು ಬಿಟ್ಟುಬಿಡಿ ಎಂದು ಹೇಳಲು ನಾನಿಲ್ಲಿ ನಿಂತಿಲ್ಲ.

ಆದರೆ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಕೆಲವೊಮ್ಮೆ ತಾಯಿ ಮತ್ತು ಮಗು ಇಬ್ಬರೂ. ಓದಿ ‘ಇನ್ನಾ ಲಿಲ್ಲಾಹ್’ ಹೇಳಿ ಪುಟ ತಿರುಗಿಸುತ್ತೇವೆ. ಗೋಡೆಯಲ್ಲಿ ಒಂದು ತೂತು, ಅದರಲ್ಲಿ ಒಂದು ಕೊಳವೆ ಇದ್ದಿದ್ದರೆ ಇಂಥ ಅನೇಕ ಸಾವುಗಳು ತಪ್ಪುತ್ತಿದ್ದವು. ಇಂದು ನಾನು ಹೇಳಬೇಕಾದ ಮಾತು ಇಷ್ಟೇ: ಗೀಜರಿನ ಉರಿ ಮತ್ತು ಸ್ನಾನ ಮಾಡುವ ಮನುಷ್ಯ ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಳ್ಳಬಾರದು.

ಇದರ ಕಾರಣವನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಜರಿನ ಉರಿ, ಅಡುಗೆಮನೆಯ ನಾಲ್ಕೈದು ಒಲೆಗಳನ್ನು ಒಟ್ಟಿಗೆ ಹಚ್ಚಿದಷ್ಟು ದೊಡ್ಡದು. 10 ನಿಮಿಷ ಉರಿದರೆ ಅದು ಸುಮಾರು 170 ಗ್ರಾಂ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಗ್ಯಾಸ್ ಪೂರ್ತಿಯಾಗಿ ಉರಿಯಲು 15 ಕಿಲೋಗಿಂತ ಹೆಚ್ಚು ಗಾಳಿ ಬೇಕು. ಅಂದರೆ 10 ನಿಮಿಷಕ್ಕೆ ಸುಮಾರು 2 ಘನ ಮೀಟರ್ ಗಾಳಿ ಖರ್ಚಾಗುತ್ತದೆ. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದೇ 7 ಘನ ಮೀಟರಿಗಿಂತ ಕಡಿಮೆ ಗಾಳಿ. ಕಿಟಕಿ ಬಾಗಿಲು ಮುಚ್ಚಿದ್ದರೆ, ಒಬ್ಬರ ಸ್ನಾನ ಮುಗಿಯುವುದರೊಳಗೆ ಆ ಗಾಳಿಯ ಮೂರನೇ ಒಂದು ಭಾಗದಷ್ಟನ್ನು ಉರಿಯೇ ಬಳಸಿಕೊಂಡಿರುತ್ತದೆ.

ಗಾಳಿ ಸಾಕಷ್ಟು ಇದ್ದಾಗ ಗ್ಯಾಸ್ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ, ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರ್ ಸೋರಿದರೆ ನಮಗೆ ವಾಸನೆ ಬರುತ್ತದೆ, ಏಕೆಂದರೆ ಅದಕ್ಕೆಂದೇ ಗ್ಯಾಸಿನಲ್ಲಿ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸಿರುತ್ತಾರೆ. ಉರಿದು ಹೋದ ಗ್ಯಾಸಿನಲ್ಲಿ ಆ ವಾಸನೆಯೂ ಸುಟ್ಟುಹೋಗಿರುತ್ತದೆ. ಆದ್ದರಿಂದ ‘ವಾಸನೆ ಬಂದರೆ ಹೊರಗೆ ಬರುತ್ತೇವೆ’ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಗಾಳಿಯ 10,000 ಭಾಗದಲ್ಲಿ ಇದು 16 ಭಾಗ ಇದ್ದರೂ ಸಾಕು, ಸುಮಾರು 20 ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಅಲ್ಲೇ ಇದ್ದರೆ ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಪ್ರಮಾಣ ಇನ್ನೂ ಹೆಚ್ಚಾದರೆ ಕೆಲವೇ ನಿಮಿಷ ಸಾಕು. ಕೈಕಾಲು ಮೊದಲು ಸೋಲುವುದರಿಂದ, ಅಪಾಯ ತಿಳಿದ ಮೇಲೂ ಎದ್ದು ಚಿಲಕ ತೆಗೆಯಲು ಆಗುವುದಿಲ್ಲ.

ನಮ್ಮ ಹಿರಿಯರಿಗೆ ಈ ಅನಿಲದ ಹೆಸರು ಗೊತ್ತಿರಲಿಲ್ಲ, ಆದರೆ ಅವರು ಬೆಂಕಿಯನ್ನು ಎಲ್ಲಿ ಇಡಬೇಕೆಂದು ತಿಳಿದಿದ್ದರು. ಇಸ್ತಾಂಬುಲ್ ನಗರದಲ್ಲಿ 1584ರಲ್ಲಿ ಕಟ್ಟಿದ ಚೆಂಬರ್ಲಿತಾಶ್ ಹಮಾಮ್ ಇಂದಿಗೂ ಇದೆ. ಇಂಥ ಹಮಾಮುಗಳಲ್ಲಿ ಕುಲುಮೆ ಸ್ನಾನದ ಕೋಣೆಯೊಳಗೆ ಇರುತ್ತಿರಲಿಲ್ಲ. ಅದು ಗೋಡೆಯ ಆಚೆ ಬೇರೆ ಕೋಣೆಯಲ್ಲಿ ಇರುತ್ತಿತ್ತು. ಬಿಸಿ ಮಾತ್ರ ನೆಲದ ಕೆಳಗೆ ಹರಿದು, ಹೊಗೆ ಗೋಡೆಯೊಳಗಿನ ಕೊಳವೆಗಳಿಂದ ಮೇಲಕ್ಕೆ ಹೋಗುತ್ತಿತ್ತು. ನಮ್ಮೂರುಗಳ ಹಳೆಯ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಒಳಗೇ ಇದ್ದರೂ ಹೆಂಚಿನ ಸಂದುಗಳಿದ್ದವು, ಹೊಗೆ ಹೋಗಲು ಕಂಡಿಯಿತ್ತು. ಹೊಗೆ ಹೆಚ್ಚಾದರೆ ಕಣ್ಣೀರು ಬಂದು ನಾವೇ ಹೊರಗೆ ಓಡುತ್ತಿದ್ದೆವು. ಈಗ ಆರ್‌ಸಿಸಿ ಛಾವಣಿ ಬಂದಿದೆ, ಬಿಗಿಯಾದ ಬಾಗಿಲು ಬಂದಿದೆ, ಕಣ್ಣಿಗೆ ಕಾಣದ ಹೊಗೆ ಬಂದಿದೆ. ಕಂಡಿ ಮಾತ್ರ ಮಾಯವಾಗಿದೆ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಉತ್ತಮವಾದ ದಾರಿ, ಗೀಜರನ್ನೇ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಹಿತ್ತಿಲ ಕಡೆಯ ಗೋಡೆಯ ಮೇಲೋ ಹಾಕಿಸುವುದು. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಸಿಲಿಂಡರ್ ಕೂಡ ಹೊರಗೇ, ನೆಟ್ಟಗೆ ನಿಂತಿರಲಿ.

ಕೆಲವು ಗೀಜರುಗಳಿಗೆ ಹೊಗೆಕೊಳವೆ ಜೋಡಿಸುವ ಬಾಯಿಯೇ ಇರುವುದಿಲ್ಲ. ಅಂಥವನ್ನು ಯಾವ ಕಾರಣಕ್ಕೂ ಬಾತ್‌ರೂಮಿನೊಳಗೆ ಹಾಕಿಸಬಾರದು. ಬಾಯಿ ಇರುವ ಗೀಜರನ್ನು ಮನೆಯೊಳಗೆ ಹಾಕಿಸಲೇಬೇಕಾದರೆ, ಅದರ ಹೊಗೆ ಕೊಳವೆಯ ಮೂಲಕ ಹೊರಗೋಡೆಯನ್ನು ದಾಟಿ ಬಯಲಿಗೆ ಹೋಗಬೇಕು. ಕೊಳವೆ ಲೋಹದ್ದಾಗಿರಬೇಕು, ಪಿವಿಸಿ ಪೈಪು ಬಿಸಿಗೆ ಕರಗುತ್ತದೆ. ಗೀಜರಿನ ಬಾಯಿಗಿಂತ ಕೊಳವೆ ಕಿರಿದಾಗಿರಬಾರದು. ಅದು ಮೊದಲು ಒಂದೆರಡು ಅಡಿ ನೆಟ್ಟಗೆ ಮೇಲಕ್ಕೆ ಏರಿ, ಆಮೇಲೆ ಗೋಡೆಯ ಕಡೆಗೆ ತಿರುಗಬೇಕು. ಬಿಸಿ ಹೊಗೆ ತಾನಾಗಿ ಮೇಲಕ್ಕೆ ಹೋಗುವುದರಿಂದ, ಎಲ್ಲಿಯೂ ಕೊಳವೆ ಕೆಳಕ್ಕೆ ಇಳಿಯಬಾರದು, ಬಾಗುಗಳು ಕಡಿಮೆ ಇರಬೇಕು. ಗೋಡೆಯ ತೂತಿನ ಸುತ್ತ ಸಂದು ಬಿಡದೆ ಮುಚ್ಚಬೇಕು. ಹೊರಗಿನ ತುದಿಗೆ ಮಳೆ ಮತ್ತು ಗಾಳಿ ತಡೆಯುವ ಟೋಪಿ ಇರಬೇಕು. ಆ ತುದಿ ನಮ್ಮ ಅಥವಾ ಪಕ್ಕದ ಮನೆಯ ಕಿಟಕಿಯ ಹತ್ತಿರ ಇರಬಾರದು, ಎರಡು ಮನೆಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲೂ ಇರಬಾರದು. ನಮ್ಮ ವಿಷವನ್ನು ನೆರೆಯವರ ಮನೆಗೆ ಕಳಿಸುವುದು ಸುರಕ್ಷತೆಯಲ್ಲ. ಒಳಗೆ ಫ್ಯಾನ್ ಇದ್ದು ಹೊಗೆಯನ್ನು ತಾನೇ ತಳ್ಳುವ ಗೀಜರ್ ಆದರೆ, ಅದರ ಕೊಳವೆಯನ್ನು ಕಂಪನಿಯ ಪುಸ್ತಕದಲ್ಲಿ ತೋರಿಸಿದಂತೆಯೇ ಕೂರಿಸಬೇಕು.

ಹೊಗೆ ಹೊರಗೆ ಹೋದರೆ ಸಾಲದು, ಹೊಸ ಗಾಳಿ ಒಳಗೆ ಬರಬೇಕು. ಬಾಗಿಲಿನ ಕೆಳಭಾಗದಲ್ಲಿ ಜಾಲರಿ, ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್, ಎರಡೂ ಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಎಂದು ಕೆಲವರು ತಿಳಿಯುತ್ತಾರೆ. ಗಾಳಿ ಒಳಬರಲು ದಾರಿ ಇಲ್ಲದ ಕೋಣೆಯಲ್ಲಿ ಆ ಫ್ಯಾನು, ಕೊಳವೆಯಲ್ಲಿ ಹೊರಹೋಗಬೇಕಾದ ಹೊಗೆಯನ್ನೇ ವಾಪಸು ಒಳಗೆ ಎಳೆಯಬಹುದು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಚಳಿ, ಸೊಳ್ಳೆ ಮತ್ತು ಪರ್ದೆಯ ಕಾರಣಕ್ಕೆ ನಮ್ಮ ಮನೆಗಳಲ್ಲಿ ವೆಂಟಿಲೇಟರಿಗೆ ರಟ್ಟು, ಬಟ್ಟೆ, ಪ್ಲಾಸ್ಟಿಕ್ ತುರುಕುವ ರೂಢಿಯಿದೆ. ಪರ್ದೆ ಬೇಕು, ನಿಜ. ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳನ್ನು ಹಾಕಿಸಿದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಸೊಳ್ಳೆಗೆ ಜಾಲರಿ ಸಾಕು.

ಬಾಡಿಗೆ ಮನೆಯವರ ಕಷ್ಟ ಬೇರೆ. ಗೋಡೆ ಒಡೆಯಲು ಮಾಲೀಕರು ಒಪ್ಪುವುದಿಲ್ಲ. ಈ ಸಭೆಯಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಹಿರಿಯರೂ ಇದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ: ಆ ತೂತನ್ನು ಬಾಡಿಗೆದಾರರು ಕೇಳುವ ಮೊದಲೇ ನೀವಾಗಿ ಮಾಡಿಸಿಕೊಡಿ. ಗೋಡೆಗೆ ಮತ್ತೆ ಸಿಮೆಂಟು ಹಚ್ಚಬಹುದು. ಇನ್ನೊಬ್ಬರಿಗೆ ಹಾನಿ ಮಾಡಬಾರದೆಂಬ ಪ್ರವಾದಿಯವರ (ಸ) ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಲಗುವ ಮುನ್ನ ಮನೆಯ ಬೆಂಕಿಯನ್ನು ನಂದಿಸಬೇಕೆಂದೂ ಅವರು ಕಲಿಸಿದ್ದಾರೆ. ಬೆಂಕಿಯ ವಿಷಯದಲ್ಲಿ ಎಚ್ಚರ ನಮ್ಮ ದೀನಿನ ಭಾಗವೇ ಆಗಿದೆ.

ಈ ಕೆಲಸ ಆಗುವವರೆಗೆ, ಗೀಜರ್ ಒಳಗೇ ಇರುವವರು ಒಂದು ನಿಯಮ ಪಾಲಿಸಿ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಜರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಸ್ವಲ್ಪ ಹೊತ್ತು ಗಾಳಿ ಹೋಗಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು ಬಾಗಿಲು ಮುಚ್ಚಿ ಸ್ನಾನ ಮಾಡುತ್ತಾ ಹೋದರೆ ಕೊನೆಯವರಿಗೆ ಅಪಾಯ ಹೆಚ್ಚು. ಅನೇಕ ಗೀಜರುಗಳು 20 ನಿಮಿಷಕ್ಕೆ ತಾವಾಗಿ ಆರುತ್ತವೆ, ಆದರೆ ಅದನ್ನು ನಂಬಿ ಕೂರಬೇಡಿ. ಅಪಾಯಕ್ಕೆ ಅಷ್ಟು ಸಮಯವೂ ಬೇಕಿಲ್ಲ. ಉರಿ ಹಳದಿಯಾದರೆ, ಮಸಿ ಕಂಡರೆ ಕೂಡಲೇ ನಿಲ್ಲಿಸಿ ರಿಪೇರಿಯವರನ್ನು ಕರೆಸಿ. ಉರಿ ನೀಲಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೂ ತಿಳಿಯಬೇಡಿ.

ಸ್ನಾನಕ್ಕೆ ಹೋದವರು ಕೂಗಿದರೂ ಮಾತಾಡದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬೇಡಿ. ಗ್ಯಾಸ್ ಬಂದ್ ಮಾಡಿ, ಉಸಿರು ಬಿಗಿ ಹಿಡಿದು ಅವರನ್ನು ಬಯಲು ಗಾಳಿಗೆ ಎಳೆದು ತನ್ನಿ. ಮೈಮೇಲೆ ಒಂದು ಚಾದರ ಹಾಕಿದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತಿದ್ದರೆ ಎದೆಯ ನಡುವೆ ಒತ್ತಲು ಶುರುಮಾಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಜರ್ ಉರಿಯುತ್ತಿತ್ತು’ ಎಂದು ಮೊದಲ ಮಾತಾಗಿ ಹೇಳಿ. ಇದು ಬಹಳ ಮುಖ್ಯ. ನಮ್ಮ ಕಡೆ ಬಿಸಿನೀರು ತಲೆಯ ಮೇಲೆ ಬಿದ್ದಾಗ ಮೂರ್ಛೆ ಬರುವ ಕಾಯಿಲೆಯೂ ಇದೆ, ನಿಮ್ಹಾನ್ಸ್ ವೈದ್ಯರು ಅದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಹೀಗಾಗಿ ಅನಿಲದಿಂದ ಬಿದ್ದವರನ್ನೂ ಮೂರ್ಛೆಯೆಂದೋ ಹೃದಯಾಘಾತವೆಂದೋ ತಿಳಿಯುವ ಸಾಧ್ಯತೆ ಉಂಟು. ಇನ್ನೊಂದು ಎಚ್ಚರ: ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸುವುದಿಲ್ಲ. ಸಾಯುವ ಸ್ಥಿತಿಯಲ್ಲಿರುವವರಿಗೂ ಅದು 98 ಎಂದು ತೋರಿಸಬಹುದು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಆದ್ದರಿಂದ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ಮೂರು ಪ್ರಶ್ನೆ ಕೇಳಿ ನೋಡಿ. ನಮ್ಮ ಗೀಜರ್ ಎಲ್ಲಿದೆ? ಅದರ ಹೊಗೆ ಎಲ್ಲಿಗೆ ಹೋಗುತ್ತದೆ? ಹೊಸ ಗಾಳಿ ಎಲ್ಲಿಂದ ಬರುತ್ತದೆ? ಉತ್ತರ ಸಿಗದಿದ್ದರೆ ಅಬ್ಬಾ ಅಮ್ಮಿಯವರಿಗೆ ಈ ವಿಷಯವನ್ನು ಅದಬಿನಿಂದ ತಿಳಿಸಿ. ಓದಿದ ಮಕ್ಕಳು ಮನೆಗೆ ಕೊಡಬಹುದಾದ ಒಳ್ಳೆಯ ಕಾಣಿಕೆಗಳಲ್ಲಿ ಇದೂ ಒಂದು.

ಜೀವ ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತು. ಅದನ್ನು ಕಾಪಾಡುವ ತಿಳಿವಳಿಕೆಯನ್ನೂ, ಆ ತಿಳಿವಳಿಕೆಯಂತೆ ನಡೆಯುವ ಮನಸ್ಸನ್ನೂ ಅವನು ನಮ್ಮೆಲ್ಲರಿಗೂ ನೀಡಲಿ. ಆಮೀನ್.